ತುಕ್ಕು ತಿಂದ ಎಂಜಿನ್ ಬ್ಲಾಕ್: ದುರಸ್ತಿಯೋ, ಗುಜರಿಯೋ?

ಬಿತ್ತನೆಯ ಹದದಲ್ಲಿ ಟ್ರಾಕ್ಟರು ನಿಂತರೆ ರೈತನಿಗಾಗುವ ನಷ್ಟ ದುರಸ್ತಿಯ ಖರ್ಚಿಗಿಂತ ದೊಡ್ಡದು. ಸೋರಿಕೆ ಕಾಣದಿದ್ದರೂ ರೇಡಿಯೇಟರಿನ ನೀರು ಕಡಿಮೆಯಾಗುತ್ತಿದ್ದರೆ, ಡಿಪ್‌ಸ್ಟಿಕ್ಕಿನಲ್ಲಿ ಎಣ್ಣೆಯ ಮಟ್ಟ ಏರಿ ಬಣ್ಣ ಹಾಲಿನಂತಾಗಿದ್ದರೆ, ನೀರು ಎಣ್ಣೆ ತೊಟ್ಟಿಗೆ ಇಳಿಯುತ್ತಿದೆಯೆಂದು ತಿಳಿಯಬೇಕು. ಎಂಜಿನ್ನನ್ನು ಕೂಡಲೇ ನಿಲ್ಲಿಸಬೇಕು. ಓಡಿಸಿದರೆ ಬೇರಿಂಗುಗಳೂ ಕ್ರ್ಯಾಂಕ್ ಶಾಫ್ಟೂ ಕೆಡುತ್ತವೆ.

ಕಾರಣ

ಅನೇಕ ಡೀಸೆಲ್ ಎಂಜಿನ್ನುಗಳಲ್ಲಿ ಲೈನರಿನ ಹೊರಮೈಗೆ ನೀರು ನೇರವಾಗಿ ತಗಲುತ್ತದೆ. ಕೆಳಗಿನ ರಬ್ಬರ್ ಉಂಗುರಗಳು ನೀರನ್ನು ತಡೆಯುತ್ತವೆ. ಉಪ್ಪಿನಂಶದ ಬಾವಿ ನೀರು ಉಂಗುರ ಕೂರುವ ಜಾಗವನ್ನು ತುಕ್ಕಿನಿಂದ ತಿನ್ನುತ್ತದೆ. ಲೈನರಿನ ಕಂಪನದಿಂದ ನೀರಿನಲ್ಲಿ ಸಣ್ಣ ಗುಳ್ಳೆಗಳು ಹುಟ್ಟಿ ಒಡೆದು, ಲೈನರಿನ ಹೊರಮೈಯಲ್ಲಿ ಕುಳಿಗಳನ್ನು ಕೊರೆಯುವುದೂ ಉಂಟು.

ಪರೀಕ್ಷೆ

ಎಂಜಿನ್ ಪೂರ್ತಿ ಬಿಚ್ಚಿ, ನೀರಿನ ದಾರಿಗಳಲ್ಲಿ ಕಟ್ಟಿದ ಹೆಕ್ಕಳೆ ತೆಗೆದ ಮೇಲೆಯೇ ಬ್ಲಾಕಿನ ನಿಜಸ್ಥಿತಿ ತಿಳಿಯುತ್ತದೆ. ಬಿರುಕು ಶಂಕಿಸಿದ ಕಡೆ ಸೀಮೆಎಣ್ಣೆ ಸವರಿ, ಒರೆಸಿ, ಸೀಮೆಸುಣ್ಣದ ಪುಡಿ ಹಚ್ಚಬೇಕು. ಬಿರುಕಿದ್ದರೆ ಪುಡಿಯ ಮೇಲೆ ಗೆರೆ ಮೂಡುತ್ತದೆ. ಒಳಗಿನ ಬಿರುಕುಗಳಿಗೆ ವರ್ಕ್‌ಶಾಪಿನಲ್ಲಿ ಒತ್ತಡದ ಪರೀಕ್ಷೆ ಮಾಡಿಸಬೇಕು. ಮುಖ್ಯ ಬೇರಿಂಗಿನ ಪೀಠದವರೆಗೆ ಬಿರುಕು ಹಬ್ಬಿದ್ದರೆ ಬ್ಲಾಕಿಗೆ ಹಣ ಸುರಿಯದಿರುವುದೇ ಲೇಸು.

ಯಂತ್ರಗೆಲಸ

1. ಮೇಲ್ಮೈ: ನೇರಪಟ್ಟಿ ಮತ್ತು ಫೀಲರ್ ಗೇಜಿನಿಂದ ಪರೀಕ್ಷಿಸಿ, ಅಗತ್ಯವಿದ್ದಷ್ಟೇ ಕೆರೆಸಬೇಕು. ಹೆಚ್ಚು ಕೆರೆದರೆ ಪಿಸ್ಟನ್ ವಾಲ್ವಿಗೆ ಬಡಿಯಬಹುದು.

2. ಕೆಳ ಪೀಠ: ಆಳವಾದ ಕುಳಿಗಳಿಗೆ ಬರೀ ಅಂಟು ಮೆತ್ತಿದರೆ ನೆಚ್ಚುವಂತಿಲ್ಲ. ಆ ಭಾಗವನ್ನು ಬೋರ್ ಮಾಡಿ, ಬಿಗಿಯಾದ ಲೋಹದ ಬಳೆ ಕೂರಿಸಿ, ಅದನ್ನು ಮೂಲ ಅಳತೆಗೆ ಕೊರೆಯಬೇಕು. ಮೇಲಿನ ಮತ್ತು ಕೆಳಗಿನ ಪೀಠಗಳು ಒಂದೇ ಮಧ್ಯರೇಖೆಯಲ್ಲಿರಬೇಕು.

3. ಮೇಲಿನ ಅಂಚಿನ ಪೀಠ: ತುಕ್ಕು ಹೋಗುವಷ್ಟು ಸಮತಟ್ಟಾಗಿ ಕೊರೆದು, ತಗ್ಗಿದಷ್ಟು ದಪ್ಪದ ಶಿಮ್ ಇಡಬೇಕು. ಲೈನರ್ ಬ್ಲಾಕಿಗಿಂತ ತುಸು ಮೇಲೆದ್ದಿರಬೇಕು. ಹಲವು ಎಂಜಿನ್ನುಗಳಲ್ಲಿ ಇದು 0.05ರಿಂದ 0.15 ಮಿ.ಮೀ. ಇರುತ್ತದೆ, ತಯಾರಕರ ಕೈಪಿಡಿಯ ಅಳತೆಯೇ ಅಂತಿಮ. ತಗ್ಗಿದ್ದರೆ ಗ್ಯಾಸ್ಕೆಟ್ ಸೋರುತ್ತದೆ, ಓರೆಯಿದ್ದರೆ ಲೈನರಿನ ಅಂಚು ಮುರಿಯುತ್ತದೆ.

ಜೋಡಣೆ

ಎಣ್ಣೆ ದಾರಿಗಳಲ್ಲಿ ಲೋಹದ ಚೂರು ಉಳಿಯದಂತೆ ತೊಳೆಯಬೇಕು. ಮೊದಲು ಉಂಗುರವಿಲ್ಲದೆ ಲೈನರ್ ಇಳಿಸಿ ನೋಡಬೇಕು. ಅದು ಕೈಯೊತ್ತಡಕ್ಕೇ ಕೂರಬೇಕು. ನಂತರ ಹೊಸ ಉಂಗುರಗಳಿಗೆ ಸಾಬೂನು ನೀರು ಸವರಿ ಕೂರಿಸಬೇಕು. ಎಣ್ಣೆ ತೊಟ್ಟಿ ಕಟ್ಟುವ ಮೊದಲೇ ನೀರು ತುಂಬಿಸಿ, ಒಂದು ರಾತ್ರಿ ಬಿಟ್ಟು ಕೆಳಗಿನಿಂದ ನೋಡಬೇಕು. ಒಂದು ಹನಿ ಕಂಡರೂ ಮತ್ತೆ ಬಿಚ್ಚಬೇಕು.

ಮುನ್ನೆಚ್ಚರಿಕೆ

ರೇಡಿಯೇಟರಿಗೆ ಕೊಳವೆ ಬಾವಿಯ ಗಡಸು ನೀರು ಬೇಡ. ಶುದ್ಧವಾದ ಮೆದು ನೀರಿಗೆ ತಯಾರಕರು ಹೇಳಿದ ಪ್ರಮಾಣದಲ್ಲಿ ಕೂಲೆಂಟ್ ಬೆರೆಸಿ, ಹೇಳಿದ ಅವಧಿಗೆ ಬದಲಿಸಬೇಕು. ಕೆಲಸ ಒಪ್ಪಿಸುವ ಮುನ್ನ ಹೊಸ ಬ್ಲಾಕಿನ ಬೆಲೆ ವಿಚಾರಿಸಬೇಕು. ಕೆಲಸ ಮುಗಿದ ಮೇಲೆ ಬಿಲ್ಲಿನ ಜೊತೆ ಪ್ರತಿ ಲೈನರಿನ ಅಳತೆಯನ್ನೂ ಬರೆಸಿಕೊಳ್ಳುವುದು ರೈತನ ಹಕ್ಕು.