ರಜೆ ಹಾಕಿದರೂ ಇಳಿಯದ ದಣಿವು

ಶ್ರೀರಾಮನಗರ, ಗಂಗಾವತಿ ಕಡೆ ದಣಿವು ಎಂದರೆ ಭತ್ತದ ಗದ್ದೆ, ಅಕ್ಕಿ ಗಿರಣಿ ನೆನಪಾಗುತ್ತವೆ. ಕುರ್ಚಿಯಲ್ಲಿ ಕುಳಿತವರಿಗೆ ಎಂಥ ದಣಿವು ಎಂದು ಕೇಳುವವರಿದ್ದಾರೆ. ವಿಶ್ವವಿದ್ಯಾಲಯದ ಕುಲಸಚಿವರು, ಅಧೀಕ್ಷಕರು, ಪರೀಕ್ಷಾ ವಿಭಾಗದ ಗುಮಾಸ್ತರು ನಿಮ್ಮ ಮನೆಯಲ್ಲಿದ್ದರೆ ಇದನ್ನು ಓದಿರಿ.

ನಮ್ಮ ಭಾಗದ ಪದವಿ ಕಾಲೇಜುಗಳು ಮೊದಲು ಗುಲ್ಬರ್ಗಾ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. 2010ರಲ್ಲಿ ಬಳ್ಳಾರಿಯ ವಿಶ್ವವಿದ್ಯಾಲಯ ಬಂತು, 2023ರಲ್ಲಿ ಕೊಪ್ಪಳದ್ದು ಆರಂಭವಾಯಿತು. ಹೊಸ ಸಂಸ್ಥೆಯಲ್ಲಿ ಕೈ ಕಡಿಮೆ, ಕಡತ ಹೆಚ್ಚು. ಇದರ ನಡುವೆ ಪಠ್ಯಕ್ರಮವೂ ಬದಲಾಯಿತು: 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ, 2024ರಲ್ಲಿ ಮತ್ತೆ ಮೂರು ವರ್ಷದ ಪದವಿ. ಒಂದೊಂದು ಬ್ಯಾಚಿಗೆ ಒಂದೊಂದು ನಿಯಮ. ಫಲಿತಾಂಶ ತಡವಾದರೆ ವಿದ್ಯಾರ್ಥಿ ಬಂದು ನಿಲ್ಲುವುದು ಕಚೇರಿಯ ಕಿಟಕಿಗೆ. ಆದೇಶ ಮಾಡಿದವರು ಒಬ್ಬರು, ಬೈಸಿಕೊಳ್ಳುವವರು ಇನ್ನೊಬ್ಬರು. ಹೊಣೆ ಇದ್ದು ಅಧಿಕಾರವಿಲ್ಲದ ಕೆಲಸವೇ ಮನುಷ್ಯನನ್ನು ಹೆಚ್ಚು ಸವೆಸುತ್ತದೆ.

ಈ ಸವೆತಕ್ಕೆ ವೈದ್ಯರು ‘ಬರ್ನ್‌ಔಟ್’ ಎನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದನ್ನು ರೋಗವೆಂದಲ್ಲ, ಕೆಲಸದಿಂದ ಬರುವ ಸ್ಥಿತಿಯೆಂದು ವಿವರಿಸಿತು. ಮೈಮನಸ್ಸು ಬತ್ತಿಹೋಗುವುದು, ಕೆಲಸದ ಬಗ್ಗೆ ಬೇಸರ ಮತ್ತು ಕಹಿ, ಏನು ಮಾಡಿದರೂ ಸಾಲದೆಂಬ ಭಾವನೆ ಇದರ ಗುರುತುಗಳು. ಮೊದಲು ಶಾಂತವಾಗಿದ್ದವರು ವಿದ್ಯಾರ್ಥಿಗಳ ಮೇಲೆ ರೇಗತೊಡಗಿದರೆ ಅದನ್ನು ಸೊಕ್ಕು ಎನ್ನಬೇಡಿ.

ಇಂಥವರು ಆಸ್ಪತ್ರೆಗೆ ಬಂದಾಗ ಹೇಳುವುದು ತಲೆನೋವು, ಎದೆಯುರಿ, ನಿದ್ರೆ ಇಲ್ಲ ಎಂದು. ಕಚೇರಿಯ ಮಾತು ಎತ್ತುವುದೇ ಇಲ್ಲ. ಜೊತೆಗೆ ಬಂದ ತಾವೇ ಅದನ್ನು ವೈದ್ಯರಿಗೆ ತಿಳಿಸಬೇಕು. ರಕ್ತಹೀನತೆ, ಥೈರಾಯ್ಡ್, ಸಕ್ಕರೆ ಕಾಯಿಲೆಯಿಂದಲೂ ಸುಸ್ತಾಗುತ್ತದೆ. ಪರೀಕ್ಷೆ ಮಾಡಿಸಿದ ಮೇಲೆಯೇ ತೀರ್ಮಾನ. ಎದೆನೋವು ಬಂದರೆ ಮಾತ್ರ ‘ಟೆನ್ಷನ್’ ಎಂದು ಮನೆಯಲ್ಲಿ ಕೂಡಬೇಡಿ, ತಕ್ಷಣ ಬನ್ನಿ. ಅಂಗಡಿಯಿಂದ ನಿದ್ರೆ ಮಾತ್ರೆ ತಂದು ಕೊಡಬೇಡಿ.

ಕೆಲಸದಿಂದ ಬಂದದ್ದು ಕೆಲಸದಲ್ಲೇ ಸ್ವಲ್ಪ ಸರಿಹೋಗಬೇಕು. ಹೆಚ್ಚುವರಿ ಪ್ರಭಾರ ಕಡಿಮೆ ಮಾಡಲು ಲಿಖಿತವಾಗಿ ಕೇಳುವುದು, ಇರುವ ರಜೆ ಬಳಸುವುದು ತಪ್ಪಲ್ಲ. ಊಟದ ಹೊತ್ತಿಗೆ ಮೊಬೈಲು ಬೇರೆ ಕೋಣೆಯಲ್ಲಿರಲಿ. ‘ಎಲ್ಲರೂ ಮಾಡುತ್ತಾರೆ, ನಿಮಗೇನು’ ಎಂಬ ಮಾತು ಮನೆಯಲ್ಲಿ ಬರದಿರಲಿ.

ರಜೆಯಲ್ಲೂ, ಮೊಮ್ಮಕ್ಕಳ ನಡುವೆಯೂ ಎರಡು ವಾರ ಮನಸ್ಸು ಅರಳದಿದ್ದರೆ ಅದು ಖಿನ್ನತೆ ಇರಬಹುದು. ಅದಕ್ಕೆ ಚಿಕಿತ್ಸೆ ಇದೆ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ನಮ್ಮ ನೆರೆಯ ಬಳ್ಳಾರಿಯಲ್ಲಿ 1985ರಲ್ಲಿ ನಿಮ್ಹಾನ್ಸ್ ಆರಂಭಿಸಿದ ಕೆಲಸವೇ. ಸಾಯುವ ಮಾತು ಬಾಯಿಗೆ ಬಂದರೆ ಒಬ್ಬರನ್ನೇ ಬಿಡದೆ ಆಸ್ಪತ್ರೆಗೆ ಕರೆತನ್ನಿ. ಟೆಲಿ ಮಾನಸ್ ಸಂಖ್ಯೆ 14416 ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತನಾಡಬಹುದು.