ಮುಂಬಯಿಯಿಂದ ಮಾಲ್ಟಾಕ್ಕೆ

ಹಾಯಿಹಡಗುಗಳ ಕಾಲದಲ್ಲಿ ಸಮುದ್ರಯಾನವು ಗಾಳಿಯ ಕೃಪೆಯನ್ನು ಅವಲಂಬಿಸಿತ್ತು. ಗಾಳಿ ಅನುಕೂಲವಾದರೆ ಪಯಣ. ಪ್ರತಿಕೂಲವಾದರೆ ನಡುಗಡಲಿನಲ್ಲಿ ಕಾಯುವ ಕಷ್ಟ. ಹತ್ತೊಂಬತ್ತನೆಯ ಶತಮಾನದಲ್ಲಿ ಉಗಿಯಂತ್ರವು ಹಡಗನ್ನು ಸೇರಿದ ಮೇಲೆ ಈ ಸ್ಥಿತಿ ಬದಲಾಯಿತು. ಹೊರಡುವ ದಿನವನ್ನೂ ತಲುಪುವ ದಿನವನ್ನೂ ಮೊದಲೇ ಲೆಕ್ಕ ಹಾಕುವುದು ಸಾಧ್ಯವಾಯಿತು. ವ್ಯಾಪಾರಿಗಳಿಗೆ ಇದರಿಂದ ಲಾಭವಾಯಿತು. ಸಾಮ್ರಾಜ್ಯಗಳನ್ನು ಆಳುವವರಿಗೆ ಇದು ಹೊಸದೊಂದು ಆಯುಧವೇ ಆಯಿತು. ಈ ಆಯುಧವನ್ನು ಬ್ರಿಟಿಷ್ ಸರ್ಕಾರವು 1878ರಲ್ಲಿ ಪ್ರಯೋಗಿಸಿದ ಬಗೆ ಅರಿಯತಕ್ಕದ್ದಾಗಿದೆ.

1877ರ ಏಪ್ರಿಲ್ ತಿಂಗಳಲ್ಲಿ ರಷ್ಯಕ್ಕೂ ತುರ್ಕಿಗೂ ಯುದ್ಧ ಆರಂಭವಾಯಿತು. ತುರ್ಕಿಯ ಸೇನೆ ಸೋತು, ರಷ್ಯದ ಪಡೆಗಳು ತುರ್ಕಿಯ ರಾಜಧಾನಿಯಾಗಿದ್ದ ಕಾನ್‌ಸ್ಟಾಂಟಿನೋಪಲ್ ನಗರದ ಸಮೀಪಕ್ಕೆ ಬಂದವು. 1878ರ ಮಾರ್ಚ್ 3ರಂದು ಸಾನ್ ಸ್ಟೆಫಾನೊ ಎಂಬಲ್ಲಿ ಒಪ್ಪಂದಕ್ಕೆ ಸಹಿ ಬಿದ್ದಿತು. ಅದರಿಂದ ಬಾಲ್ಕನ್ ಪ್ರದೇಶದಲ್ಲಿ ರಷ್ಯದ ಪ್ರಭಾವ ಬಹಳವಾಗಿ ಹೆಚ್ಚುವಂತಿತ್ತು. ಮೆಡಿಟರೇನಿಯನ್ ಸಮುದ್ರಕ್ಕೂ ಭಾರತದ ಹಾದಿಗೂ ಇದರಿಂದ ಅಪಾಯವೆಂದು ಬ್ರಿಟಿಷ್ ಪ್ರಧಾನಿ ಡಿಸ್ರೇಲಿ ಬಗೆದನು. ಒಪ್ಪಂದವನ್ನು ಯೂರೋಪಿನ ರಾಷ್ಟ್ರಗಳೆಲ್ಲವೂ ಕೂಡಿ ಪರಿಶೀಲಿಸಬೇಕೆಂಬುದು ಅವನ ಹಟ. ಮಾತಿಗೆ ಬಲ ಬರಬೇಕಾದರೆ ಬೆನ್ನ ಹಿಂದೆ ಸೈನ್ಯವಿರಬೇಕು. ಬ್ರಿಟನ್ನಿನ ಸ್ವಂತ ಸೈನ್ಯವೋ ಯೂರೋಪಿನ ದೊಡ್ಡ ರಾಷ್ಟ್ರಗಳ ಸೈನ್ಯಗಳ ಮುಂದೆ ಚಿಕ್ಕದು. ಆದುದರಿಂದ ಅವನ ದೃಷ್ಟಿ ಭಾರತದ ಸಿಪಾಯಿಗಳತ್ತ ಹರಿಯಿತು.

ಈ ಯೋಚನೆಯನ್ನು ಕಾರ್ಯಗತಗೊಳಿಸಲು ಎರಡು ಸಾಧನಗಳು ಸಿದ್ಧವಾಗಿದ್ದವು. ಮೊದಲನೆಯದು 1869ರ ನವೆಂಬರ್ 17ರಂದು ತೆರೆದ ಸೂಯೆಜ್ ಕಾಲುವೆ. ಅದಕ್ಕೆ ಮೊದಲು ಮುಂಬಯಿಯ ಹಡಗು ಮೆಡಿಟರೇನಿಯನ್ ಸಮುದ್ರವನ್ನು ಸೇರಬೇಕಾದರೆ ಆಫ್ರಿಕ ಖಂಡವನ್ನೇ ಸುತ್ತಬೇಕಾಗಿತ್ತು. ಕಾಲುವೆಯ ಮಾರ್ಗವಾಗಿ ಮಾಲ್ಟಾ ದ್ವೀಪವು ಸುಮಾರು ಏಳು ಸಾವಿರ ಕಿಲೋಮೀಟರುಗಳ ದೂರಕ್ಕೆ ಬಂದಿತು. ಎರಡನೆಯದು 1870ರಲ್ಲಿ ಏಡನ್ ಮಾರ್ಗವಾಗಿ ಮುಂಬಯಿಯನ್ನು ತಲುಪಿದ ಸಮುದ್ರತಳದ ತಂತಿ. ಲಂಡನ್ನಿನ ಆಜ್ಞೆ ಈಗ ತಿಂಗಳುಗಟ್ಟಲೆ ಕಾಯದೆ ಭಾರತಕ್ಕೆ ಬರುತ್ತಿತ್ತು.

ಅನುಭವಕ್ಕೂ ಕೊರತೆಯಿರಲಿಲ್ಲ. ಅಬಿಸೀನಿಯದ ದೊರೆ ತೆವೊದ್ರೋಸನು ಬ್ರಿಟಿಷ್ ರಾಯಭಾರಿಯನ್ನು ಸೆರೆಯಲ್ಲಿಟ್ಟಾಗ, 1867-68ರಲ್ಲಿ ಮುಂಬಯಿಯಿಂದ ಕೆಂಪು ಸಮುದ್ರದ ದಂಡೆಗೆ ಭಾರಿ ಸೈನ್ಯವೊಂದನ್ನು ಸಾಗಿಸಲಾಗಿತ್ತು. ಸುಮಾರು 13,000 ಸೈನಿಕರು, ಸಹಸ್ರಾರು ಕುದುರೆ-ಹೇಸರಗತ್ತೆಗಳು, 44 ಆನೆಗಳು ಆಗ ಕಡಲು ದಾಟಿದ್ದವು. ಬರಡು ದಂಡೆಯಲ್ಲಿ ಕುಡಿಯುವ ನೀರಿಲ್ಲದಿರಲು, ಉಗಿಯಂತ್ರಗಳಿಂದ ಸಮುದ್ರದ ನೀರನ್ನು ಆವಿಯಾಗಿಸಿ, ತಂಪುಗೊಳಿಸಿ, ಸಿಹಿನೀರನ್ನು ಪಡೆಯಲಾಯಿತು. ಬೆಂಗಳೂರಿನಲ್ಲಿ ನೆಲೆಸಿದ್ದ ಮದ್ರಾಸ್ ಸ್ಯಾಪರ್ಸ್ ದಳದ ತುಕಡಿಗಳು ಈ ದಂಡಯಾತ್ರೆಯಲ್ಲಿ ಭಾಗವಹಿಸಿದ್ದವು. ದಾರಿ ಕಡಿಯುವುದು, ಸೇತುವೆ ಕಟ್ಟುವುದು, ನೀರಿನ ವ್ಯವಸ್ಥೆ ಮಾಡುವುದು ಈ ದಳದ ಕೆಲಸ. ಹಲಸೂರು ಕೆರೆಯ ಬಳಿ ಇಂದಿಗೂ ಇರುವ ಮದ್ರಾಸ್ ಎಂಜಿನಿಯರ್ ಗ್ರೂಪ್ ಇದೇ ದಳದ ಮುಂದುವರಿಕೆ.

1878ರ ಏಪ್ರಿಲ್ ತಿಂಗಳಲ್ಲಿ ಆಜ್ಞೆ ಹೊರಟಿತು. ಬಂಗಾಳ, ಮದ್ರಾಸು, ಮುಂಬಯಿ ಈ ಮೂರೂ ಸೈನ್ಯಗಳಿಂದ ಆರಿಸಿದ ಸುಮಾರು 7,000 ಮಂದಿ ಮುಂಬಯಿ ಬಂದರಿನಲ್ಲಿ ಕೂಡಿದರು. ಪದಾತಿಗಳೂ ರಾವುತರೂ ಅವರಲ್ಲಿದ್ದರು; ಮದ್ರಾಸ್ ಸ್ಯಾಪರ್ಸ್ ದಳದವರೂ ಇದ್ದರು. ಬಾಡಿಗೆಗೆ ಪಡೆದ ವ್ಯಾಪಾರಿ ಹಡಗುಗಳನ್ನು ಸೈನ್ಯ ಸಾಗಣೆಗೆ ಸಜ್ಜುಗೊಳಿಸಲಾಯಿತು. ಇಂತಹ ಸಾಗಣೆಯು ಸುಲಭದ ಕಾರ್ಯವಲ್ಲ. ಯಂತ್ರಕ್ಕೆ ಕಲ್ಲಿದ್ದಲು, ಮನುಷ್ಯರಿಗೆ ಆಹಾರ, ಕುದುರೆಗಳಿಗೆ ಹುಲ್ಲು, ಎಲ್ಲಕ್ಕೂ ಮಿಗಿಲಾಗಿ ಸಿಹಿನೀರು ಬೇಕು. ಅಲೆಗಳ ಹೊಡೆತಕ್ಕೆ ಕುದುರೆಗಳು ಬೀಳದಂತೆ ಗೂಡುಗಳನ್ನು ಕಟ್ಟಬೇಕು. ಸಮುದ್ರವನ್ನು ದಾಟಿದರೆ ಜಾತಿ ಕೆಡುವುದೆಂಬ ಭಾವನೆ ಅಂದಿನ ಅನೇಕ ಸಿಪಾಯಿಗಳಲ್ಲಿ ಆಳವಾಗಿ ಬೇರೂರಿತ್ತು. ಬೇರೆ ಬೇರೆ ಪಂಗಡದವರ ಅಡಿಗೆ ಹಾಗೂ ನೀರಿನ ನಿಯಮಗಳನ್ನು ಇಕ್ಕಟ್ಟಾದ ಹಡಗಿನಲ್ಲಿ ಪಾಲಿಸುವುದು ಕಠಿಣವಾಗಿತ್ತು. ಹೊಲಗದ್ದೆಗಳನ್ನಲ್ಲದೆ ಬೇರೇನನ್ನೂ ಕಾಣದ ಎಷ್ಟೋ ಯುವಕರು ಅಂದು ಮೊದಲ ಬಾರಿಗೆ ದಡವಿಲ್ಲದ ನೀರನ್ನು ಕಂಡಿರಬೇಕು. ಅವರಿಗೆ ರಷ್ಯದ ಮೇಲೆ ಹಗೆಯಿರಲಿಲ್ಲ. ತುರ್ಕಿಯ ಮೇಲೆ ಮೋಹವೂ ಇರಲಿಲ್ಲ.

ಮೇ ತಿಂಗಳು ಮುಗಿಯುವುದರೊಳಗೆ ಈ ಸೈನಿಕರು ಮಾಲ್ಟಾದಲ್ಲಿ ಇಳಿದಿದ್ದರು. ಅಲ್ಲಿ ಯುದ್ಧ ನಡೆಯಲಿಲ್ಲ. ಜೂನ್ 13ರಂದು ಬರ್ಲಿನ್ ನಗರದಲ್ಲಿ ರಾಷ್ಟ್ರಗಳ ಸಮ್ಮೇಳನ ಸೇರಿತು. ಜುಲೈ 13ರಂದು ಹೊಸ ಒಪ್ಪಂದವಾಯಿತು. ಈ ನಡುವೆ ಬ್ರಿಟನ್ನು ತುರ್ಕಿಯೊಡನೆ ಪ್ರತ್ಯೇಕ ಒಡಂಬಡಿಕೆ ಮಾಡಿಕೊಂಡು ಸೈಪ್ರಸ್ ದ್ವೀಪದ ಆಡಳಿತವನ್ನು ಪಡೆಯಿತು. ಮಾಲ್ಟಾದಲ್ಲಿದ್ದ ಭಾರತೀಯ ತುಕಡಿಗಳಲ್ಲಿ ಕೆಲವನ್ನು ಅಲ್ಲಿಗೆ ಕಳುಹಿಸಿ, ಬಳಿಕ ಅದೇ ವರ್ಷ ಸ್ವದೇಶಕ್ಕೆ ಮರಳಿಸಲಾಯಿತು. ಒಂದು ಗುಂಡನ್ನೂ ಹಾರಿಸದೆ ಸೈನ್ಯವು ತನ್ನ ಕೆಲಸವನ್ನು ಮುಗಿಸಿತ್ತು.

ಆದರೆ ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ದೊಡ್ಡ ವಾದವೇ ಎದ್ದಿತು. ಈಸ್ಟರ್ ಹಬ್ಬಕ್ಕೆಂದು ಸಭೆಯನ್ನು ಮುಂದೂಡಿದ ಕೂಡಲೇ ಸರ್ಕಾರವು ಈ ಸುದ್ದಿಯನ್ನು ಹೊರಗೆಡವಿತ್ತು. ಪ್ರಜಾಪ್ರತಿನಿಧಿಗಳ ಒಪ್ಪಿಗೆಯಿಲ್ಲದೆ ಭಾರತದ ಸೈನ್ಯವನ್ನು ಯೂರೋಪಿಗೆ ತರಬಹುದೇ ಎಂದು ವಿರೋಧ ಪಕ್ಷದ ನಾಯಕ ಹಾರ್ಟಿಂಗ್‌ಟನ್ ಪ್ರಶ್ನಿಸಿದನು. ಅವನ ನಿರ್ಣಯ ಸೋತಿತು. ಈ ಯಾತ್ರೆಯ ವೆಚ್ಚವನ್ನು ಬ್ರಿಟಿಷ್ ಬೊಕ್ಕಸವೇ ಹೊತ್ತಿತಾದರೂ, ಅಬಿಸೀನಿಯಕ್ಕೆ ಹೋದ ಭಾರತೀಯ ಪಡೆಗಳ ಸಾಮಾನ್ಯ ಸಂಬಳವನ್ನು ಭಾರತದ ಮೇಲೆಯೇ ಹೇರಲಾಗಿತ್ತು. ತಮ್ಮದಲ್ಲದ ಜಗಳಕ್ಕೆ ಭಾರತೀಯರು ಏಕೆ ಹಣ ತೆರಬೇಕೆಂಬ ಪ್ರಶ್ನೆಯನ್ನು ದಾದಾಭಾಯಿ ನವರೋಜಿಯವರು ಮುಂದೆ ಪುನಃ ಪುನಃ ಎತ್ತಿದರು.

ಇದೇ ವರ್ಷಗಳಲ್ಲಿ ಕನ್ನಡನಾಡಿನ ಸ್ಥಿತಿ ಹೇಗಿತ್ತು? ಇಂದಿನ ಬಾಗಲಕೋಟೆ ಜಿಲ್ಲೆಯ ಬಾದಾಮಿ, ಹುನಗುಂದ, ಇಳಕಲ್ಲು, ಗುಡೂರು ಮೊದಲಾದ ಊರುಗಳು ಅಂದು ಮುಂಬಯಿ ಪ್ರಾಂತದ ಕಲಾದಗಿ ಜಿಲ್ಲೆಯ ಸೀಮೆ. 1876ರಲ್ಲಿ ಮಳೆ ಕೈಕೊಟ್ಟಿತು. ಧಾತು, ಈಶ್ವರ ಸಂವತ್ಸರಗಳ ಘೋರ ಕ್ಷಾಮವು ಈ ಸೀಮೆಯನ್ನು ನುಂಗಿತು. 1872ರಲ್ಲಿ ಎಂಟು ಲಕ್ಷವನ್ನು ಮೀರಿದ್ದ ಜಿಲ್ಲೆಯ ಜನಸಂಖ್ಯೆ 1881ರ ವೇಳೆಗೆ ಸುಮಾರು 6,38,000ಕ್ಕೆ ಇಳಿಯಿತು. ಪರಿಹಾರ ಕಾಮಗಾರಿಗಳಲ್ಲಿ ದುಡಿಯುವವರ ಕೂಲಿಯನ್ನು 1877ರಲ್ಲಿ ಕಡಿತಗೊಳಿಸಿದಾಗ ಪುಣೆಯ ಸಾರ್ವಜನಿಕ ಸಭೆ ಪ್ರತಿಭಟಿಸಿತು. ಬಾಗಲಕೋಟೆಯ ಮಾರ್ಗವಾಗಿ ರೈಲು ಓಡಿದ್ದು 1880ರ ದಶಕದಲ್ಲಿ. ಕ್ಷಾಮದ ದಿನಗಳಲ್ಲಿ ಇಲ್ಲಿಗೆ ಕಾಳು ಬರಬೇಕಾದರೆ ಎತ್ತಿನ ಗಾಡಿಯೇ ಗತಿ. ಎತ್ತುಗಳೋ ಮೇವಿಲ್ಲದೆ ಸಾಯುತ್ತಿದ್ದವು.

ಏಳು ಸಾವಿರ ಸೈನಿಕರನ್ನು ಏಳು ಸಾವಿರ ಕಿಲೋಮೀಟರು ದೂರಕ್ಕೆ ಕೆಲವೇ ವಾರಗಳಲ್ಲಿ ಒಯ್ಯಬಲ್ಲ ಶಕ್ತಿಯುಳ್ಳ ರಾಜ್ಯವು, ತನ್ನದೇ ಪ್ರಜೆಗಳ ಹಳ್ಳಿಗೆ ಜೋಳದ ಚೀಲಗಳನ್ನು ಸಕಾಲದಲ್ಲಿ ಮುಟ್ಟಿಸಲಾರದೆ ಹೋಯಿತು. ಉಗಿಯಂತ್ರಕ್ಕೆ ಒಳಿತು ಕೆಡುಕುಗಳ ಅರಿವಿಲ್ಲ. ಅದನ್ನು ಯಾರಿಗಾಗಿ, ಯಾವ ಕಾರ್ಯಕ್ಕಾಗಿ ಮೊದಲು ಓಡಿಸಬೇಕೆಂಬುದನ್ನು ಮನುಷ್ಯರೇ ನಿರ್ಧರಿಸುತ್ತಾರೆ. ಆ ನಿರ್ಧಾರದ ಹಕ್ಕು ಜನರ ಕೈಯಲ್ಲಿಲ್ಲದಿದ್ದಾಗ ವಿಜ್ಞಾನದ ಮಹಾಸಾಧನೆಯೂ ಹಸಿದವನ ಹೊಟ್ಟೆಯನ್ನು ತುಂಬಲಾರದು.