ಭಾವಚಿತ್ರಕ್ಕೆ ಬೆಳಕಿನ ಏರ್ಪಾಡು

ಮನೆಯ ಕೊಠಡಿಯಲ್ಲಿ ಭಾವಚಿತ್ರ ತೆಗೆಯಬಯಸುವವರು ಸಾಮಾನ್ಯವಾಗಿ ದೀಪದ ಪ್ರಖರತೆಯನ್ನೇ ಮೊದಲು ವಿಚಾರಿಸುತ್ತಾರೆ. ಅದಕ್ಕಿಂತ ಮುಖ್ಯವಾದುದು ಅದರ ಗಾತ್ರವೆಂದು ನಾವು ಭಾವಿಸುತ್ತೇವೆ. ಬಿಂದುವಿನಂಥ ಆಕರದಿಂದ ಮೂಗಿನ ನೆರಳು ಕತ್ತರಿಸಿಟ್ಟಂತೆ ಕೆನ್ನೆಯ ಮೇಲೆ ಬೀಳುತ್ತದೆ. ಆಕರ ವಿಸ್ತಾರವಾದಂತೆ ನೆರಳಿನ ಅಂಚಿನಲ್ಲಿ ಉಪಚ್ಛಾಯೆ ಹರಡಿ ಮುಖಕ್ಕೆ ಮೃದುತ್ವ ಬರುತ್ತದೆ. ದೀಪದ ಮುಂದೆ ಒಂದು ಮೀಟರ್ ಅಗಲದ ತೆಳುವಾದ ಬಿಳಿ ಪಂಚೆಯನ್ನು ಇಳಿಬಿಟ್ಟರೆ ಪಂಚೆಯೇ ಆಕರವಾಗುವುದು. ದೀಪ ಅದಕ್ಕೆ ತೀರ ಸಮೀಪವಿದ್ದರೆ ನಡುಭಾಗ ಮಾತ್ರ ಬೆಳಗಿ ಪ್ರಯೋಜನ ತಪ್ಪುತ್ತದೆ.

ಈ ಏರ್ಪಾಡನ್ನು ಕ್ಯಾಮೆರಾದ ಪಕ್ಕಕ್ಕೆ ಸುಮಾರು 45 ಡಿಗ್ರಿ ಸರಿಸಿ, ಕಣ್ಣಿನ ಮಟ್ಟಕ್ಕಿಂತ ಎತ್ತರದಲ್ಲಿಡೋಣ. ಆಚೆಯ ಕೆನ್ನೆಯ ನೆರಳಿನಲ್ಲಿ, ಕಣ್ಣಿನ ಕೆಳಗೆ, ಬೆಳಕಿನ ಸಣ್ಣ ತ್ರಿಕೋನವೊಂದು ಮೂಡುವುದು. ಡಚ್ ಚಿತ್ರಕಾರ ರೆಂಬ್ರಾಂಟನ (1606–1669) ಹೆಸರನ್ನು ಛಾಯಾಗ್ರಾಹಕರು ಈ ಬೆಳಕಿಗೆ ಇಟ್ಟಿದ್ದಾರೆ.

ಇನ್ನು ದೂರ. ಪಂಚೆಯಿಂದ ಮುಖ 1 ಮೀಟರ್, ಹಿಂದಿನ ಗೋಡೆ 2 ಮೀಟರ್ ಇದ್ದರೆ, ವಿಲೋಮ ವರ್ಗ ನಿಯಮದಂತೆ ಗೋಡೆಗೆ ದೊರೆಯುವುದು ಮುಖದ ಮೇಲಿನ ಬೆಳಕಿನ ಕಾಲುಭಾಗ. ಬಿಳಿಗೋಡೆಯೂ ಬೂದುಬಣ್ಣ ತಾಳುತ್ತದೆ. ಎಲ್ಲವನ್ನೂ ಇನ್ನೊಂದು ಮೀಟರ್ ಹಿಂದಕ್ಕೆ ಸರಿಸಿದರೆ ಆ ಪ್ರಮಾಣ 4/9ಕ್ಕೆ ಏರಿ ಗೋಡೆ ಬೆಳಗುತ್ತದೆ. ಆದರೆ ಮುಖದಿಂದ ನೋಡಿದಾಗ ಪಂಚೆ ಚಿಕ್ಕದಾಗಿ, ನೆರಳು ಗಡುಸಾಗುತ್ತದೆ. ಅದೇ ಪಂಚೆಯಿಂದ ಎರಡನ್ನೂ ಒಮ್ಮೆಗೇ ಪಡೆಯಲಾಗದು. (ಅಗಲವಾದ ಆಕರಕ್ಕೆ ಈ ಲೆಕ್ಕ ಸ್ಥೂಲವೆಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು.)

ಕಪ್ಪಾದ ಕೆನ್ನೆಗೆ ಎರಡನೆಯ ದೀಪ ಬೇಡ. ಅದು ಎರಡನೆಯ ನೆರಳನ್ನೂ ತರುತ್ತದೆ. ಎದುರು ಬದಿಗೆ ಬಿಳಿಯ ರಟ್ಟೊಂದನ್ನು ನಿಲ್ಲಿಸಿದರೆ ಸಾಕು. ಕಿಟಕಿಯನ್ನು ಮಾತ್ರ ಮುಚ್ಚಿರಬೇಕು. ತಂತುದೀಪದ ವರ್ಣತಾಪ ಸುಮಾರು 2,800 ಕೆಲ್ವಿನ್, ಹಗಲ ಬೆಳಕಿನದು ಸುಮಾರು 5,500. ಎರಡೂ ಸೇರಿದರೆ ಒಂದು ಕೆನ್ನೆ ಅರಿಶಿನ ಬಳಿದಂತೆ, ಇನ್ನೊಂದು ನೀಲಿಯಾಗಿ ಮೂಡುವುದು. ಎಲ್‌ಇಡಿ ದೀಪ ಕೊಳ್ಳುವವರು ಡಬ್ಬಿಯ ಮೇಲೆ ಸಿ.ಆರ್.ಐ. ಎಂಬ ಅಂಕಿಯನ್ನು ನೋಡಲಿ. ಅದು 90ಕ್ಕಿಂತ ಕಡಿಮೆಯಾದರೆ ಚರ್ಮದ ಕೆಂಪು ಸರಿಯಾಗಿ ಬಾರದಿರುವ ಸಂಭವವುಂಟು.